ಕಚ್ಚಿಕೊಂಡ ಪಿನ್ನು

ನಾನು ಬಿಇ ಮೆಕ್ಯಾನಿಕಲ್ ವಿದ್ಯಾರ್ಥಿ. ರಜೆಯಲ್ಲಿ ಬಳ್ಳಾರಿಯ ಒಂದು ಗ್ಯಾರೇಜಿಗೆ ಹೋಗುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಮೂಲೆ ಸೇರಿದ್ದ ಬುಲ್ಡೋಜರೊಂದು ಈ ಬೇಸಿಗೆಯಲ್ಲಿ ಅಲ್ಲಿಗೆ ಬಂತು. ಕಾಲುವೆಗೆ ನೀರು ಬಿಡುವ ಮೊದಲು ಸಿರುಗುಪ್ಪದ ಭತ್ತದ ಗದ್ದೆ ಮಟ್ಟ ಮಾಡಲು ಮಾಲೀಕರಿಗೆ ಅದು ಬೇಕಿತ್ತು. ಬ್ಲೇಡ್ ತೋಳಿನ ಪಿನ್ನು ಮಾತ್ರ ಅಲುಗಲಿಲ್ಲ. ಗ್ರೀಸ್ ಒಣಗಿ, ಅದಿರಿನ ಕೆಂಧೂಳು ಹೊಕ್ಕು, ತುಕ್ಕು ಹಿಡಿದಿತ್ತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ, ಸಂದೇ ಉಳಿಯುವುದಿಲ್ಲ.

‘ಗ್ಯಾಸಿನಲ್ಲಿ ಕೊಯ್ದುಬಿಡಿ’ ಎಂದರು ಮಾಲೀಕರು. ಪಿನ್ನೇನೋ ಹೊಸದು ಮಾಡಿಸಬಹುದು. ಸುತ್ತಲಿನ ಉಕ್ಕಿನ ಬಳೆ ಸುಟ್ಟರೆ ತೋಳೇ ಹೋಯಿತು! ಮೇಸ್ತ್ರಿ ಎರಡು ರಾತ್ರಿ ಎಣ್ಣೆ ಕುಡಿಸಿದರು. ಮೊದಲು ಗ್ರೀಸ್ ನಿಪ್ಪಲ್ ಬಿಚ್ಚಿಸಿದರು; ಒಳಗೆ ಸಿಕ್ಕಿಕೊಂಡ ಗ್ರೀಸ್ ಕಾದರೆ ಪಿನ್ನನ್ನೇ ಗುಂಡಿನಂತೆ ಹಾರಿಸಬಲ್ಲದು. ಆಮೇಲೆ ಪಿನ್ನು ಬಿಟ್ಟು ಬಳೆಯನ್ನಷ್ಟೇ ಕಾಯಿಸಿದರು. 60 ಮಿ.ಮೀ. ಬಳೆ 200 ಡಿಗ್ರಿ ಹೆಚ್ಚು ಕಾದರೆ ಸುಮಾರು 0.14 ಮಿ.ಮೀ. ಹಿಗ್ಗುತ್ತದೆ. ಕಾಗದದ ಹಾಳೆಗಿಂತ ತುಸು ದಪ್ಪ, ಅಷ್ಟೇ. ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆದ ಸೂತ್ರವೇ ಅದು!

ನಡುವೆ ಹಿತ್ತಾಳೆ ಸರಳಿಟ್ಟು ಸುತ್ತಿಗೆ ಬೀಸಿದೆವು. ನೇರ ಹೊಡೆದರೆ ಉಕ್ಕಿನ ಚೂರು ಮುಖಕ್ಕೆ ಹಾರುತ್ತದೆ. ಏಳನೇ ಏಟಿಗೆ ಪಿನ್ನು ಜರುಗಿತು. ಒಳಗಿನ ಬುಷ್ ಸವೆದು ಮೊಟ್ಟೆಯಾಕಾರವಾಗಿತ್ತು. ಈಗ ಲೇತ್ ಕೆಲಸ ನಡೆದಿದೆ.