ನೀಲಗಿರಿಯ ಮರಗಪ್ಪೆ: ಹೆಸರು ಮತ್ತು ನೆಲೆ

ಮದರಾಸು ಸೈನ್ಯದಲ್ಲಿ ವೈದ್ಯರಾಗಿದ್ದ ಟಿ. ಸಿ. ಜೆರ್ಡನ್ನರು 1853ರಲ್ಲಿ ನೀಲಗಿರಿಯ ಮರಗಪ್ಪೆಯೊಂದನ್ನು ವರ್ಣಿಸಿ, ‘ಬದಲಾಗುವಂಥದು’ ಎಂಬರ್ಥದ ವೇರಿಯಾಬಿಲಿಸ್ ಎಂಬ ಹೆಸರನ್ನಿತ್ತರು. 1864ರಲ್ಲಿ ಗುಂಥರರು ಇದನ್ನೇ ಪ್ಲೂರೋಸ್ಟಿಕ್ಟಸ್ ಎಂದು ಕರೆದರು. ಬಹುಕಾಲ ಈ ಎರಡನೆಯ ಹೆಸರೇ ರೂಢಿಯಲ್ಲಿದ್ದಿತು.

ನೆಲೆಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚಿನದು. ಪಾಲಘಾಟ್ ಕಣಿವೆಯ ದಕ್ಷಿಣದ ಬೆಟ್ಟಗಳಲ್ಲಿರುವ ಕಪ್ಪೆಯನ್ನೂ ಇದೇ ಜಾತಿಯೆಂದು ಎಣಿಸಲಾಗುತ್ತಿದ್ದಿತು. ಸುಮಾರು 30 ಕಿಲೋಮೀಟರ್ ಅಗಲದ ಆ ಕಣಿವೆ ತಗ್ಗಾದ, ಬಿಸಿಲಿನ ಬಯಲು. ಈ ಕಪ್ಪೆಯಾದರೋ ಎತ್ತರದ ಶೋಲೆ ಅಡವಿಯ ತೊರೆಗಳ ಬಳಿ ನೊರೆಗೂಡು ಕಟ್ಟುವಂಥದು. ಇದರ ಗೊದಮೊಟ್ಟೆಗಳು ಬೆಳೆಯುವುದು ಹರಿಯುವ ನೀರಿನಲ್ಲಿ. ಅದಕ್ಕೆ ಆ ಬಯಲು ದಾಟಲಾಗದ ಕಡಲೇ ಸರಿ.

2008ರಲ್ಲಿ ಬಿಜು ಮತ್ತು ಅವರ ಸಂಗಡಿಗರು ಈ ಕಪ್ಪೆಗಳಿಗಾಗಿ ಘಾಟಿಕ್ಸಾಲಸ್ ಎಂಬ ಹೊಸ ಕುಲವನ್ನು ಸ್ಥಾಪಿಸಿ (ನಮ್ಮ ‘ಘಟ್ಟ’ ಲ್ಯಾಟಿನ್ ವೇಷ ತೊಟ್ಟಿರುವುದನ್ನು ಗಮನಿಸಬಹುದು), ದಕ್ಷಿಣದ ಕಪ್ಪೆಯನ್ನು ಆಸ್ಟೆರಾಪ್ಸ್ ಎಂದು ಬೇರ್ಪಡಿಸಿದರು. 2015ರಲ್ಲಿ ದಕ್ಷಿಣದಿಂದಲೇ ಮ್ಯಾಗ್ನಸ್ ಎಂಬ ಮೂರನೆಯ ಜಾತಿ ಸೇರಿತು.

ಹೀಗಾಗಿ ವೇರಿಯಾಬಿಲಿಸ್ಸಿಗೆ ಉಳಿದಿರುವ ನೆಲೆ ಕಣಿವೆಯ ಉತ್ತರದ ಮಲೆಗಳಷ್ಟೇ. ನೀಲಗಿರಿಯಲ್ಲಿ ಅಳಿದರೂ ದಕ್ಷಿಣದಲ್ಲಿ ಉಳಿದೀತೆಂಬ ಹಿಂದಿನ ಸಮಾಧಾನ ಈಗಿಲ್ಲ. ಅಲ್ಲಿನ ಶೋಲೆಗಳ ಬಹುಭಾಗವಂತೂ ಚಹಾ ತೋಟಗಳಿಗೂ ನೀಲಗಿರಿ ಮರದ ನೆಡುತೋಪುಗಳಿಗೂ ಎಂದೋ ಸಂದುಹೋಗಿದೆ.