ಗುರುಗಳಿಲ್ಲದೆಯೂ ಉಳಿದ ವಿಶ್ವಾಸ



1614ರಲ್ಲಿ ಜಪಾನಿನಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಲಾಯಿತು. ನಾಗಸಾಕಿಯ ಕರಾವಳಿಯ ವಿಶ್ವಾಸಿಗಳು ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಗುಟ್ಟಾಗಿ ಪ್ರಾರ್ಥಿಸಿದರು. ಹಿರಿಯರೇ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟರು. 1865ರ ಮಾರ್ಚ್ 17ರಂದು ಔರಾ ದೇವಾಲಯಕ್ಕೆ ಬಂದ ಅವರು, ಮಾತೆ ಮರಿಯಮ್ಮನವರ ಸ್ವರೂಪ ಎಲ್ಲಿದೆ ಎಂದು ಫಾದರ್ ಪೆತಿಜಾನ್ ಅವರನ್ನು ಕೇಳಿದರು. ಆ ತಾಣಗಳು 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಜಪಾನ್ ದೂರ, ಗಂಜಾಂ ಹತ್ತಿರ. ಪೆತಿಜಾನ್ ಅವರ ಪ್ಯಾರಿಸ್ ಮಿಷನ್ ಸಂಸ್ಥೆಗೇ ಸೇರಿದ ಅಬ್ಬೆ ದುಬಾಯ್ಸ್, 1799ರ ನಂತರ ಶ್ರೀರಂಗಪಟ್ಟಣದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಅಲ್ಲಿಗೆ ಹೋಗುವ ನಾವು ಫೋಟೋ ತೆಗೆದು ಮರಳಿದರೆ ಸಾಲದು. ಗುರುಗಳು ಬಾರದ ದಿನ ನಮ್ಮ ಮನೆಯಲ್ಲಿ ಜಪಮಾಲೆ ನಡೆಯುವುದೇ? ಮಾತೆಯ ಹಬ್ಬದ ಈ ದಿನಗಳಲ್ಲಿ ಮಕ್ಕಳ ಕೈಗೆ ಅದನ್ನು ಕೊಡೋಣ.