ಬೆಳಿಗ್ಗೆ ಎದ್ದಾಗ ಕಾಲೆಳೆಯೋ ಎತ್ತು, ರೇಸ್ ಕುದುರೆ ಮತ್ತು ಒಂದು ಸಣ್ಣ ಆಪರೇಷನ್

ಈ ಎಪಿಸೋಡ್ ಶುರುವಾಗಿದ್ದು ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್‌ನಿಂದ. ಕಳಿಸಿದ್ದು ಶ್ರೀನಿವಾಸಪುರ ಕಡೆಯ ಹುಡುಗ. ಅವರ ಮನೆ ಎತ್ತು ಬೆಳಿಗ್ಗೆ ಎದ್ದ ತಕ್ಷಣ ಒಂದು ಹಿಂಗಾಲನ್ನ ಕೋಲಿನ ಥರ ಹಿಂದಕ್ಕೆ ಚಾಚಿಬಿಡುತ್ತೆ. ನಾಲ್ಕು ಹೆಜ್ಜೆ ಎಳ್ಕೊಂಡು ಹೋಗಿ, ಆಮೇಲೆ ಫಟ್ ಅಂತ ಜಗ್ಗಿ ಸರಿಯಾಗುತ್ತೆ. ದಲ್ಲಾಳಿ ಬಂದು ನೋಡಿ ಅರ್ಧ ರೇಟಿಗೆ ಕೇಳಿದಾನೆ. ಶಿವರಾತ್ರಿಗೆ ಮುಳಬಾಗಿಲು ತಾಲ್ಲೂಕಿನ ಆವಣಿ ದನಗಳ ಜಾತ್ರೆಗೆ ಹೊಡ್ಕೊಂಡು ಹೋದ್ರೆ ನಡೆಸಿ ನೋಡೋರೇ ಎಲ್ಲ, ಅಲ್ಲೂ ಬೆಲೆ ಬರಲ್ಲ. ಕೊನೆಗೆ ಆ ಹುಡುಗ ಕೇಳಿದ್ದು ಇದು: "ಬೆಂಗಳೂರಲ್ಲಿ ರೇಸ್ ಕುದುರೆ ಕಾಲಿಗೆ ಆಪರೇಷನ್ ಮಾಡ್ತಾರಂತಲ್ಲ ಅಣ್ಣ, ನಮ್ಮೆತ್ತಿಗೆ ಯಾಕೆ ಮಾಡಲ್ಲ?"

ಮಾಡ್ತಾರೆ. ಈ ತೊಂದರೆಗೆ ಕುದುರೆಗಿಂತ ದನಕ್ಕೇ ಆಪರೇಷನ್ ಸಲೀಸು.

ಮೊದಲು ಮಂಡಿ ಎಲ್ಲಿದೆ ನೋಡೋಣ. ಹಸು, ಕುದುರೆಗಳ ಹಿಂಗಾಲಲ್ಲಿ ಹಿಂದಕ್ಕೆ ಬಾಗಿರೋ ಗಂಟನ್ನ ಬಹಳ ಜನ ಮಂಡಿ ಅಂದ್ಕೋತಾರೆ. ಅದು ನಮ್ಮ ಹಿಮ್ಮಡಿಗೆ ಸಮ. ನಿಜವಾದ ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಯ ಚರ್ಮದ ಮಡಿಕೆ ಕಾಲಿಗೆ ಸೇರೋ ಜಾಗದಲ್ಲಿದೆ. ಅಲ್ಲಿ ತೊಡೆ ಮೂಳೆಯ ಮುಂದೆ ಒಂದು ಚಿಪ್ಪು ಇರುತ್ತೆ. ನಮ್ಮ ಮಂಡಿಚಿಪ್ಪನ್ನ ಕೆಳಗಿನ ಮೂಳೆಗೆ ಕಟ್ಟಿರೋದು ಒಂದೇ ಗಟ್ಟಿ ಹುರಿ. ಕುದುರೆ, ದನಗಳಿಗೆ ಮೂರು: ಒಳಗಡೆ ಒಂದು, ನಡುವೆ ಒಂದು, ಹೊರಗಡೆ ಒಂದು.

ಕುದುರೆ ನಿಂತೇ ತೂಕಡಿಸೋದಕ್ಕೆ ಈ ಒಳಗಡೆ ಹುರಿಯ ಸಹಾಯ ಬೇಕು. ತೊಡೆ ಮೂಳೆಯ ತುದಿಯಲ್ಲಿ ಒಂದು ದಿಣ್ಣೆ ಇದೆ. ಚಿಪ್ಪನ್ನ ಸ್ವಲ್ಪ ಮೇಲಕ್ಕೆಳೆದು ತಿರುಗಿಸಿದರೆ ಒಳಹುರಿ ಆ ದಿಣ್ಣೆಗೆ ಕೊಂಡಿ ಥರ ಸಿಕ್ಕಿಕೊಳ್ಳುತ್ತೆ. ಬಾಗಿಲಿಗೆ ಚಿಲಕ ಹಾಕಿದ ಹಾಗೆ ಮಂಡಿ ಬಾಗೋದು ನಿಲ್ಲುತ್ತೆ, ಮಾಂಸಖಂಡಗಳಿಗೆ ವಿಶ್ರಾಂತಿ ಸಿಗುತ್ತೆ. ನಡೆಯಬೇಕಾದಾಗ ಕುದುರೆ ಚಿಪ್ಪನ್ನ ಎತ್ತಿ ಚಿಲಕ ತೆಗೆಯುತ್ತೆ. ನಾನಂತೂ ಇದನ್ನ ಓದಿ ಹತ್ತು ನಿಮಿಷ ಬರೀ ಕುದುರೆ ವಿಡಿಯೋ ನೋಡ್ದೆ.

ಚಿಲಕ ಬಿಡದೇ ಹೋದಾಗ ಶುರುವಾಗುತ್ತೆ ತಲೆನೋವು. ಕಾಲು ನೇರವಾಗಿ ಹಿಂದಕ್ಕೆ ನಿಲ್ಲುತ್ತೆ, ಗೊರಸಿನ ಮುಂಭಾಗ ನೆಲಕ್ಕೆ ಉಜ್ಜಿ ಸವೆಯುತ್ತೆ. ಕೂತು ಎದ್ದಾಗ ಜಾಸ್ತಿ, ನಡೆದಂತೆ ಕಡಿಮೆ. ಆ ಹುಡುಗ ಹೇಳಿದ ಲಕ್ಷಣ ಇದಕ್ಕೇ ಹೊಂದುತ್ತೆ. ಆದರೂ ಕಾಯಿಲೆ ಯಾವುದು ಅಂತ ಹೇಳಬೇಕಾದೋರು ಕಾಲು ಮುಟ್ಟಿ ನೋಡಿದ ಡಾಕ್ಟ್ರೇ.

ಕುದುರೆಗೆ ಇದು ಬಂದರೆ ವೈದ್ಯರು ಕತ್ತಿ ಹಿಡಿಯೋ ಅವಸರ ಮಾಡಲ್ಲ. ಬಹಳ ಸಲ ಇದು ಎಳೆಯ ಅಥವಾ ತೊಡೆಯಲ್ಲಿ ಕಸುವಿಲ್ಲದ ಕುದುರೆಗಳ ಸಮಸ್ಯೆ. ಓಡಿಸಿ, ಏರು ಹತ್ತಿಸಿ, ತೊಡೆ ಬಲಪಡಿಸಿ, ಲಾಳ ಸರಿಮಾಡಿದರೆ ಎಷ್ಟೋ ಕಡೆ ಅಷ್ಟಕ್ಕೇ ವಾಸಿ. ಆಗದಿದ್ದರೆ ಒಳಹುರಿಯಲ್ಲಿ ಚಿಕ್ಕ ಚಿಕ್ಕ ಸೀಳು ಮಾಡಿ ಅದು ದಪ್ಪವಾಗಿ ಗಾಯ ಮಾಯುವ ಹಾಗೆ ಮಾಡ್ತಾರೆ. ಹುರಿಯನ್ನ ಪೂರ್ತಿ ಕತ್ತರಿಸೋದು ಕೊನೆಯ ದಾರಿ. ಯಾಕಂದ್ರೆ ಕತ್ತರಿಸಿದ ಮೇಲೆ ಚಿಪ್ಪಿನ ಮೇಲೆ ಬೀಳೋ ಎಳೆತ ಬದಲಾಗುತ್ತೆ. ತಿಂಗಳುಗಟ್ಟಲೆ ರೆಸ್ಟ್ ಕೊಡದೆ ಓಡಿಸಿದರೆ ಚಿಪ್ಪಿನ ತುದಿಯಿಂದ ಮೂಳೆ ಚೂರು ಏಳಬಹುದು. ಅಂಥ ಚೂರು ತೆಗೆಯೋಕೆ ಕೀಲಿನೊಳಗೆ ಪುಟ್ಟ ಕ್ಯಾಮೆರಾ ಕೊಳವೆ ಬಿಡೋ ವಿಧಾನ ಇದೆ, ಆರ್ತ್ರೋಸ್ಕೋಪಿ ಅಂತಾರೆ. ಕುದುರೆಗಳಲ್ಲಿ ಅದನ್ನ ಬೆಳೆಸಿದವರಲ್ಲಿ ದೊಡ್ಡ ಹೆಸರು ವೇಯ್ನ್ ಮೆಕ್‌ಇಲ್‌ರೈತ್. ಅವರ ಪಠ್ಯಪುಸ್ತಕ ಬಂದಿದ್ದು 1984ರಲ್ಲಿ.

ಈಗ ಎತ್ತಿನ ವಿಷಯಕ್ಕೆ ಬರೋಣ. ಎತ್ತು ಮಲಗಿ ಮೆಲುಕು ಹಾಕೋ ಪ್ರಾಣಿ, ಕುದುರೆ ಥರ ನಿಂತು ನಿದ್ದೆ ಮಾಡೋಕೆ ಅದಕ್ಕೆ ಆ ಚಿಲಕ ಬೇಕಿಲ್ಲ. ಹಾಗಾಗಿ ದನ, ಎಮ್ಮೆಗಳಲ್ಲಿ ಒಳಹುರಿ ಕತ್ತರಿಸೋದೇ ರೂಢಿಯ ಚಿಕಿತ್ಸೆ. ಹಗ್ಗ ಹಾಕಿ, ನೋವಿರೋ ಕಾಲು ಕೆಳಗೆ ಬರೋ ಹಾಗೆ ಮಗ್ಗುಲಾಗಿ ಕೆಡವುತ್ತಾರೆ. ಕೆಲವರು ನಿಲ್ಲಿಸಿಯೇ ಮಾಡ್ತಾರೆ. ಕೂದಲು ಬೋಳಿಸಿ, ಮರಗಟ್ಟಿಸೋ ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು, ಹುರಿ ಕೆಳಗಿನ ಮೂಳೆಗೆ ಅಂಟಿರೋ ಕಡೆ ಚರ್ಮದಲ್ಲಿ ಚಿಕ್ಕ ಗಾಯ ಮಾಡ್ತಾರೆ. ಬ್ಲೇಡನ್ನ ಹುರಿಯ ಕೆಳಗೆ ತೂರಿಸಿ ಕತ್ತರಿಸಿದಾಗ ಬಿಗಿಯಾಗಿದ್ದ ಜಾಗ ಬೆರಳಿಗೆ ಸಡಿಲ ಅನ್ನಿಸುತ್ತೆ. ನುರಿತ ಕೈಗೆ ನಿಮಿಷಗಳ ಕೆಲಸ. ಎದ್ದ ಎತ್ತು ಎಷ್ಟೋ ಸಲ ಅಲ್ಲಿಂದಲೇ ಸರಿಯಾಗಿ ನಡೆದು ಹೋಗುತ್ತೆ. ಸುಲಭ ಅಂತ ಊರಲ್ಲಿ ಯಾರೋ ಕೈ ಹಾಕೋ ಕೆಲಸ ಅಲ್ಲ: ಪಕ್ಕದ ಹುರಿ ಕುಯ್ದರೆ, ಕೀಲಿನೊಳಗೆ ಕೀವಾದರೆ ಎತ್ತು ಹೋಯ್ತು. ಆಮೇಲೆ ಗಾಯಕ್ಕೆ ನೊಣ ಕೂರದ ಹಾಗೆ ನೋಡ್ಕೋಬೇಕು, ಡಾಕ್ಟರ್ ಹೇಳೋವರೆಗೂ ನೊಗ ಹೂಡಬಾರದು.

ನಮ್ಮೂರುಗಳಲ್ಲಿ ಮಾಡೋದೇನು? ಬರೆ ಹಾಕಿಸೋದು. ಹಿಂದೆ ವಿದೇಶದ ಕುದುರೆ ಲಾಯಗಳಲ್ಲೂ ಕಾದ ಕಬ್ಬಿಣದಿಂದ ಕಾಲು ಸುಡ್ತಿದ್ರು, ಇದು ನಮ್ಮದೊಂದೇ ಕಥೆಯಲ್ಲ. ಆದರೆ ಚರ್ಮ ಸುಟ್ಟರೆ ಒಳಗಿನ ಚಿಲಕ ಬಿಡಲ್ಲ. ಸಿಗೋದು ಹುಣ್ಣು, ಜಾತ್ರೆಯಲ್ಲಿ ಎಲ್ಲರಿಗೂ ಕಾಣೋ ಗುರುತು. ಇದು ಹಿಂಸೆ ಅಂತ ಹೇಳೋಕೆ ನನಗೆ ಸಂಕೋಚ ಇಲ್ಲ.

ಒಂದು ಎಚ್ಚರಿಕೆ, ಅದರಲ್ಲೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದೋರಿಗೆ. ಕುಂಟೋ ದನಕ್ಕೆಲ್ಲ ಆಪರೇಷನ್ ಅಲ್ಲ. ನಮ್ಮ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಗೊತ್ತೇ ಇದೆ. ಜನ ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋ ಮಿತಿ ಇದೆ. ಎಷ್ಟೋ ಊರಲ್ಲಿ ದನಕ್ಕೂ ಅದೇ ಬೋರ್ ನೀರು. ವರ್ಷಗಟ್ಟಲೆ ಅದನ್ನ ಕುಡಿದ ದನಗಳ ಹಲ್ಲು ಕಂದುಗಟ್ಟುತ್ತೆ, ಮೂಳೆ ಮೇಲೆ ಗಂಟು ಏಳುತ್ತೆ, ನಡಿಗೆ ಬಿಗಿಯಾಗುತ್ತೆ. ಅದಕ್ಕೆ ಕತ್ತರಿಸೋ ಹುರಿ ಯಾವುದೂ ಇಲ್ಲ. ನೀರು ಬದಲಿಸಬೇಕು, ಮಳೆನೀರು ಹಿಡಿದಿಡಬೇಕು. ಎಳೆಗರುವಿಗೆ ಹೊಕ್ಕುಳಿಂದ ಸೋಂಕು ಏರಿ ಕೀಲು ಊದಿ ಜ್ವರ ಬಂದಿದ್ರೆ ಅದು ಇನ್ನೊಂದೇ ಕಾಯಿಲೆ, ಅಲ್ಲಿ ಒಂದು ದಿನ ಕಾದರೂ ತಡವೇ.

ಹಾಗಾಗಿ ಮಾಡಬೇಕಾದ್ದು ಇಷ್ಟೆ. ಡಾಕ್ಟ್ರು ಬರೋ ಹೊತ್ತಿಗೆ ಎತ್ತು ಚೆನ್ನಾಗೇ ನಡೀತಿರುತ್ತೆ, ಹಾಗಾಗಿ ಬೆಳಿಗ್ಗೆ ಕೊಟ್ಟಿಗೆಯಿಂದ ಎದ್ದ ಮೊದಲ ಹತ್ತು ಹೆಜ್ಜೆಯನ್ನ ಪಕ್ಕದಿಂದ, ಹಿಂದಿನಿಂದ ಮೊಬೈಲಲ್ಲಿ ವಿಡಿಯೋ ಮಾಡಿ. ಗೊರಸಿನ ಫೋಟೋನೂ ಇರಲಿ. ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ ತೋರಿಸಿ, ಇಲ್ಲಾಂದ್ರೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಹಚ್ಚಿ. ಅಲ್ಲಿ ಆಗದ ಕೇಸಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಇರೋ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದೆ.

ವಾಯ್ಸ್ ಮೆಸೇಜ್ ಕಳಿಸಿದ ತಮ್ಮ, ದಲ್ಲಾಳಿಗೆ ಮಾತು ಕೊಡೋಕೆ ಮುಂಚೆ ಆ ವಿಡಿಯೋ ಡಾಕ್ಟ್ರಿಗೆ ತೋರಿಸಪ್ಪ. ಏನಂದ್ರು ಅಂತ ನಮಗೂ ಒಂದು ಮೆಸೇಜ್ ಹಾಕು.